ಖಂಡೇನವಮಿಗೆ ತಿಕ್ಕಿದ ಹಿತ್ತಾಳೆ

ಅಜ್ಜ ಕರವಸ್ತ್ರ ಬಿಡಿಸಿ ನಮ್ಮ ಶಾಪಿನ ಬೆಂಚಿನ ಮೇಲೆ ಒಂದು ಹಿತ್ತಾಳೆಯ ಕೊಳವೆ ಇಟ್ಟರು. ನನ್ನ ನಡುಬೆರಳಿಗಿಂತ ಸ್ವಲ್ಪ ಗಿಡ್ಡ. ಬಾಯಿಯಿಂದ ಕೆಳಕ್ಕೆ ಉದ್ದುದ್ದ ಸೀಳಿ ಹೋಗಿತ್ತು.

"ಇದೇ ಕೊನೆಯದು. ಇಂಥದ್ದು ಇನ್ನೆಲ್ಲೂ ಸಿಗೋದಿಲ್ಲ," ಎಂದರು. "ನೀನು ಮಾಡಿಕೊಡಬಲ್ಲೆಯಾ?"

ಅವರು ನಮ್ಮ ಶಾಪಿನ ಮಾಲೀಕರ ಹಳೆಯ ಸ್ನೇಹಿತರು, ಇಂಗ್ಲಿಷ್ ಮಾತ್ರ ಬಲ್ಲ ಇಲ್ಲಿಯವರೇ. ಲಿವರ್‌ಮೋರ್ ಆಚೆಯ ಗುಡ್ಡದ ಕಡೆ ಮನೆ, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆಮೇಲೆ ನಮ್ಮ ಮನೆಯಲ್ಲೆಲ್ಲ ಅವರಿಗೆ ಅಜ್ಜ ಎಂದೇ ಹೆಸರು ನಿಂತಿತು, ಹಾಗಾಗಿ ಇಲ್ಲೂ ಹಾಗೇ ಬರೆಯುತ್ತೇನೆ. ನಾನು ಹೇವರ್ಡ್‌ನ ಆ ಸಣ್ಣ ಶಾಪಿನಲ್ಲಿ ಡೈ ಮಾಡುವವಳು, ಎಂದರೆ ಲೋಹವನ್ನು ಒತ್ತಿ ಆಕಾರಕ್ಕೆ ತರುವ ಉಕ್ಕಿನ ಸಾಧನ ಕೊರೆಯುವವಳು. ತೆಳು ಲೋಹದ ಹಾಳೆಯನ್ನು ಒತ್ತಿ ಎಳೆದು ಕೊಳವೆ ಮಾಡುತ್ತೇವೆ, ಅವು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬುಗಳ ಯಂತ್ರದೊಳಕ್ಕೆ ಹೋಗುತ್ತವೆ. ಬಂದೂಕನ್ನು ನಾನು ಹತ್ತಿರದಿಂದ ಕಂಡದ್ದು ಹುಬ್ಬಳ್ಳಿಯ ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರನ ಹೆಗಲ ಮೇಲೆ ಮಾತ್ರ.

ಆದ್ದರಿಂದ ಅಜ್ಜ ನನಗೆ ಮೊದಲಿನಿಂದ ಪಾಠ ಮಾಡಬೇಕಾಯಿತು. ಗುಂಡು, ಮದ್ದು, ಕಿಡಿ ಮೂರನ್ನೂ ಒಟ್ಟಿಗೆ ಹಿಡಿದಿಡುವ ಹಿತ್ತಾಳೆಯ ಕವಚಕ್ಕೆ ಕೇಸು ಎನ್ನುತ್ತಾರೆ. ಗಟ್ಟಿ ತಳ, ಅಗಲವಾದ ಮೈ, ಮೇಲೆ ಇಳಿಜಾರು ಭುಜ, ಅದರ ಮೇಲೆ ಗುಂಡನ್ನು ಕಚ್ಚಿಕೊಳ್ಳುವ ಕಿರಿದಾದ ಕುತ್ತಿಗೆ. ನಮ್ಮ ಹಳೆಯ ಹಿತ್ತಾಳೆ ತಂಬಿಗೆಯನ್ನು ಎಳೆದು ಉದ್ದ ಮಾಡಿದರೆ ಹೇಗೋ ಹಾಗೆ. ಸಾಮಾನ್ಯ ಬಂದೂಕುಗಳಿಗೆ ಕೇಸು ಅಂಗಡಿಯಲ್ಲೇ ಸಿಗುತ್ತದೆ. ಆದರೆ ಕೆಲವರಿಗೆ ಅದು ಒಗ್ಗುವುದಿಲ್ಲ. ದೊಡ್ಡ ಕೇಸಿನ ಕುತ್ತಿಗೆ ಹಿಚುಕಿ, ಭುಜ ಹಿಂದಕ್ಕೆ ತಳ್ಳಿ, ತಮ್ಮದೇ ಅಳತೆಯೊಂದನ್ನು ಹುಟ್ಟುಹಾಕಿ, ಅದಕ್ಕೆ ತಕ್ಕ ನಳಿಗೆಯನ್ನೂ ಕೊರೆದುಕೊಳ್ಳುತ್ತಾರೆ. ಯಾವ ಕಾರ್ಖಾನೆಯೂ ಮಾಡದ ಅಂಥ ತೋಟಾಕ್ಕೆ ಇಲ್ಲಿಯವರು ವೈಲ್ಡ್‌ಕ್ಯಾಟ್ ಎನ್ನುತ್ತಾರೆ.

ಈ ವೈಲ್ಡ್‌ಕ್ಯಾಟ್ ಅಜ್ಜನ ಅಣ್ಣನದು. ಅಣ್ಣ ಬಂದೂಕು ಮಾಡುವ ಕಸುಬಿನವರಾಗಿದ್ದರು. ತಮ್ಮನಿಗಾಗಿ ಆ ರೈಫಲ್ಲು ಮಾಡಿಕೊಟ್ಟು, ಪ್ರತಿ ವರ್ಷ ಹುಲ್ಲು ಒಣಗಿದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಗುಡ್ಡದ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆದು ಬರುತ್ತಿದ್ದರು. ಅಣ್ಣ ತೀರಿಕೊಂಡರು. ಮನೆಯವರು ಗರಾಜು ಖಾಲಿ ಮಾಡುವಾಗ ಕೇಸು ಮಾಡುವ ಡೈಗಳು ಯಾವ ಗುಜರಿಗೆ ಸೇರಿದವೋ ಗೊತ್ತಿಲ್ಲ. ಉಳಿದ ಕೇಸುಗಳು ಒಂದೊಂದಾಗಿ ಸೀಳಿದವು.

"ಒಂದು ಕಣ್ಣು ಆಗಲೇ ಹೋಗಿದೆ," ಎಂದರು ಅಜ್ಜ, ಹವಾಮಾನದ ಸುದ್ದಿ ಹೇಳುವವರ ಹಾಗೆ. "ಇನ್ನೊಂದರ ನಡುವೆ ಮಂಜು ಬೆಳೀತಾ ಇದೆ. ಚಳಿಗಾಲದವರೆಗೆ ಇರಬಹುದು ಅಂತಾರೆ ಡಾಕ್ಟರು. ಅಷ್ಟರೊಳಗೆ ಒಂದು ಬೆಳಿಗ್ಗೆ, ನಾನೇ ಗುರಿ ನೋಡಿ ಹೊಡೀಬೇಕು. ಅಷ್ಟೇ ನನಗೆ ಬೇಕಾದ್ದು."

ಮಾಲೀಕರು ನನ್ನ ಮುಖ ನೋಡಿದರು. "ಶನಿವಾರ ಯಂತ್ರಗಳು ಖಾಲಿ ಇರ್ತವೆ. ನಿನ್ನಿಷ್ಟ," ಎಂದರು.

ನಾನು ಒಪ್ಪಿಕೊಂಡೆ. ಕರುಣೆ ಇತ್ತು ನಿಜ, ಜಂಬವೂ ಇತ್ತು. ಸ್ಟೀಲು, ಟೈಟೇನಿಯಂ ಹಿಂಡಿದವಳಿಗೆ ಹಿತ್ತಾಳೆ ಯಾವ ಲೆಕ್ಕ ಎಂದುಕೊಂಡೆ. ದಸರೆಗೆ ಮುಂಚೆ ಮುಗಿಸಿಕೊಡುತ್ತೇನೆ ಎಂದು ಬಾಯಿ ಬೇರೆ ಬಿಟ್ಟೆ.

ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಹೆಂಗಸು. ಕೈ ನಿಂತಿತು.

"ಬಂದೂಕಿನ ಕೆಲಸಾ? ಯಾರನ್ನರೆ ಕೊಲ್ಲಾಕೇನವಾ?"

"ಇಲ್ಲತ್ತಿ, ಕಾಗದಕ್ಕ ಹೊಡೀತಾರ."

"ಕಾಗದಕ್ಕ ಹೊಡ್ಯಾಕ ಇಷ್ಟ್ಯಾಕ ತ್ರಾಸು? ಕತ್ತರಿ ಇಲ್ಲೇನು?"

ನಗು ಬಂತು. ಕಣ್ಣಿನ ವಿಷಯ ಹೇಳಿದೆ. ಅತ್ತೆಯ ಎರಡು ಕಣ್ಣಿಗೂ ಪೊರೆಯ ಆಪರೇಶನ್ ಆಗಿದೆ, ಅದಕ್ಕೆ ಮುಂಚಿನ ದಿನಗಳು ಅವರಿಗೆ ಮರೆತಿಲ್ಲ. ಮತ್ತೆ ಸೊಪ್ಪು ಬಿಡಿಸುತ್ತ, "ಹಂಗಾದ್ರ ಲಗೂನ ಮಾಡಿಕೊಡವಾ. ಕಣ್ಣ ಹೋಗೂದಂದ್ರ ಸಣ್ಣ ಮಾತಲ್ಲ," ಎಂದರು. ಅಂದಿನಿಂದ ಪ್ರತಿ ಶನಿವಾರ ನಾನು ಮನೆಗೆ ಬಂದ ಕೂಡಲೇ ಅವರ ಮೊದಲ ಪ್ರಶ್ನೆ, "ಆ ಅಜ್ಜಂದ ಎಲ್ಲೀಮಟ ಬಂತು?"

ಎಲ್ಲಿಯೂ ಬಂದಿರಲಿಲ್ಲ. ನಕ್ಷೆ ಇಲ್ಲ, ಅಳತೆ ಇಲ್ಲ. ಸೀಳಿದ ಕೇಸು ಹಿಗ್ಗಿ ಹೋಗಿತ್ತು, ಅದರ ಅಳತೆ ನಂಬುವಂತಿರಲಿಲ್ಲ. ಕೇಸು ಹೋಗಿ ಕೂರುವ ಗೂಡು ನಳಿಗೆಯ ಹಿಂಬದಿಯಲ್ಲಿರುತ್ತದೆ, ಆ ಗೂಡೇ ನನಗೆ ನಕ್ಷೆಯಾಗಬೇಕಿತ್ತು. ಅಜ್ಜ ರೈಫಲ್ಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ತಂದರು, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟು ಬಿಚ್ಚಿ ಬೇರೆ ಚೀಲದಲ್ಲಿ. ಬಿಸಿನೀರಿಗೇ ಕರಗುವ ಒಂದು ಮಿಶ್ರಲೋಹವಿದೆ. ನಳಿಗೆಯ ಮುಂದಕ್ಕೆ ಹತ್ತಿ ತುರುಕಿ, ಗೂಡಿನೊಳಕ್ಕೆ ಆ ಲೋಹ ಹೊಯ್ದು, ಆರಿದ ಮೇಲೆ ಮೆಲ್ಲಗೆ ತಳ್ಳಿ ತೆಗೆದೆ. ಬೆಳ್ಳಗಿನ ಅಚ್ಚು ಕೈಗೆ ಬಂತು. ಅಣ್ಣನ ಕೆಲಸ ಎಷ್ಟು ನಯವಾಗಿತ್ತೆಂದರೆ ಅಚ್ಚಿನ ಮೇಲೆ ಒಂದು ಗೀರು ಇರಲಿಲ್ಲ. ಅಜ್ಜ ಅದನ್ನು ಬೆರಳಲ್ಲಿ ಸವರಿ ಸವರಿ ನೋಡಿದರು, ವಾಪಸು ಕೊಡಲು ಮನಸ್ಸೇ ಇರಲಿಲ್ಲ ಅವರಿಗೆ.

ಅಚ್ಚು ಅಳೆದು ಡೈ ಮಾಡಿದೆ. ಅಂಗಡಿಯಿಂದ ತಂದ ದೊಡ್ಡ ಕೇಸಿಗೆ ಎಣ್ಣೆ ಸವರಿ ಪ್ರೆಸ್ಸಿಗೆ ಕೊಟ್ಟೆ. ಭುಜ ಕುಸಿದು ಹೊಟ್ಟೆಗೆ ಅಂಟಿತು, ಕಾಲ್ತುಳಿತಕ್ಕೆ ಸಿಕ್ಕ ಕಾಗದದ ಲೋಟದ ಹಾಗೆ. ಇನ್ನೊಂದು ಕೊಟ್ಟೆ, ಅದೂ ಹಾಗೇ. ಒಂದೇ ಏಟಿಗೆ ಅಷ್ಟು ಕಿರಿದು ಮಾಡಲು ಹೋದದ್ದು ತಪ್ಪು. ನಡುವೆ ಮತ್ತೆರಡು ಮೆಟ್ಟಿಲು ಬೇಕಿತ್ತು, ಅಂದರೆ ಮತ್ತೆರಡು ಡೈ. ಅವನ್ನು ಕೊರೆದು, ಹದಗೊಳಿಸಿ, ಒಳಮೈ ಉಜ್ಜುವುದರಲ್ಲಿ ಬೇಸಿಗೆಯೇ ಕಳೆಯಿತು. ಆಮೇಲೂ ಭುಜದ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತಿದ್ದವು. ಎಣ್ಣೆ ಜಾಸ್ತಿಯಾಗಿ, ಹೋಗಲು ದಾರಿಯಿಲ್ಲದೆ ಹಿತ್ತಾಳೆಯನ್ನೇ ಒತ್ತುತ್ತಿತ್ತು. ಎಣ್ಣೆ ಬಿಟ್ಟು ಕುರಿ ಉಣ್ಣೆಯ ಜಿಡ್ಡನ್ನು ಬೆರಳ ತುದಿಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಚ್ಚಿದಾಗ ಗುಳಿ ನಿಂತವು.

ಆಗ ಕುತ್ತಿಗೆ ಸೀಳತೊಡಗಿತು. ಹಿತ್ತಾಳೆಯನ್ನು ಹಿಂಡಿದಷ್ಟೂ ಅದು ಬಿರುಸಾಗುತ್ತದೆ, ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿಯೇ ಮುಂದಕ್ಕೆ ಹೋಗಬೇಕು. ಆದರೆ ತಳ ಮಾತ್ರ ಮೆತ್ತಗಾಗಬಾರದು, ಸಿಡಿತದ ಒತ್ತಡ ತಡೆಯುವುದು ಅದೇ. ತಳವನ್ನು ನೀರಿನಲ್ಲಿ ಮುಳುಗಿಸಿ ಕುತ್ತಿಗೆಗಷ್ಟೇ ಜ್ವಾಲೆ ಹಿಡಿಯಬೇಕು. ಒಂದು ಶನಿವಾರ ತಟ್ಟೆಯಲ್ಲಿ ನೀರು ಬತ್ತಿದ್ದನ್ನು ನಾನು ನೋಡಲಿಲ್ಲ. ಸೊಗಸಾಗಿ ಕಾಣುತ್ತಿದ್ದ ಒಂದಿಡೀ ಕಂತಿನ ಕೇಸುಗಳ ತಳ ಮೆತ್ತಗಾಗಿ ಸತ್ತುಹೋಯಿತು, ಎಲ್ಲವನ್ನೂ ಗುಜರಿ ಡಬ್ಬಕ್ಕೆ ಸುರಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ನನ್ನ ಬೇಸಿಗೆ. ಮನೆಗೆ ಬರುವಾಗ ೬೮೦ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಿತ್ತು. ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಅತ್ತುಬಿಟ್ಟೆ, ಹಿಂದಿನ ಕಾರಿನವರು ಹಾರ್ನು ಹೊಡೆಯುವವರೆಗೆ.

ಅಜ್ಜ ಪ್ರತಿ ಶನಿವಾರ ಬರುತ್ತಿದ್ದರು, ಅವರ ಮಗಳು ತಂದು ಬಿಡುತ್ತಿದ್ದಳು. ಒಳಗೆ ಬಂದು ಬಾಗಿಲ ಹತ್ತಿರವೇ ನಿಂತು ಎದುರು ಗೋಡೆಯ ಗಡಿಯಾರ ನೋಡುವುದು ಅವರ ಅಭ್ಯಾಸವಾಯಿತು. ಮೊದಮೊದಲು ಗಂಟೆ, ನಿಮಿಷ ಎರಡೂ ಹೇಳುತ್ತಿದ್ದರು. ಆಮೇಲೆ ಗಂಟೆ ಮಾತ್ರ. ಹುಲ್ಲುಗುಡ್ಡಗಳು ಪೂರ್ತಿ ಒಣಗಿ, ಎಲ್ಲಿಂದಲೋ ಕಾಡ್ಗಿಚ್ಚಿನ ಹೊಗೆ ಬಂದು ಆಕಾಶ ಮಸುಕಾದ ಒಂದು ಶನಿವಾರ ಅಲ್ಲೇ ತುಂಬ ಹೊತ್ತು ನಿಂತಿದ್ದರು.

"ಗಡಿಯಾರ ಇದೆ," ಎಂದರು. "ಮುಳ್ಳು ಎಲ್ಲಿಗೆ ಹೋದವೋ."

"ಹೊಗೆ ಅಜ್ಜ, ಇವತ್ತು ನನಗೂ ಸರಿಯಾಗಿ ಕಾಣ್ತಿಲ್ಲ," ಎಂದೆ. ಹೊಗೆ ಹೊರಗಿತ್ತು, ಗಡಿಯಾರ ಒಳಗಿತ್ತು.

ಅದರ ಮುಂದಿನ ಕಂತು ಸರಿಯಾಗಿ ಬಂತು, ನಿಜವಾಗಿ ಬಂತು. ಭುಜ ನೆಟ್ಟಗೆ, ಕುತ್ತಿಗೆ ದುಂಡಗೆ, ಉದ್ದ ಒಂದೇ ಸಮ. ಒಳಗೆ ದಪ್ಪವಾಗಿ ನಿಂತಿದ್ದ ಉಂಗುರವನ್ನು ರೀಮರ್ ಹಾಕಿ ಕೆರೆದು ತೆಗೆದೆ. ಅಜ್ಜ ಖಾಲಿ ಕೇಸನ್ನು ಗೂಡಿಗೆ ಹಾಕಿ ಬೋಲ್ಟು ಒತ್ತಿದರು. ಕೊನೆಯಲ್ಲಿ ಒಂದು ಚೂರು ಬಿಗಿ, ಆಮೇಲೆ ಮುಚ್ಚಿಕೊಂಡಿತು. ಅವರು ಬೋಲ್ಟಿನ ಮೇಲೆ ಕೈಯಿಟ್ಟುಕೊಂಡೇ ಕಣ್ಣು ಮುಚ್ಚಿದರು. "ಇದೇ ಬಿಗಿ. ಅವನು ಮಾಡಿದ್ದೂ ಹೀಗೇ ಇರ್ತಿತ್ತು," ಎಂದರು.

ಎರಡು ಕೆಲಸ ಬಾಕಿ ಇದ್ದವು. ಒಂದು ಅಜ್ಜನದು: ವೈಲ್ಡ್‌ಕ್ಯಾಟ್ ಕೇಸು ಪೂರ್ತಿ ರೂಪಕ್ಕೆ ಬರುವುದು ಮೊದಲ ಸಲ ಹಾರಿಸಿದಾಗಲೇ, ಗೂಡಿನ ಗೋಡೆಗೆ ಹಿಗ್ಗಿ ಕೂತಾಗ. ಹಾರಿಸುವವರೆಗೆ ಅದು ಅರ್ಧ ಕೆಲಸವೇ. ಇನ್ನೊಂದು ನನ್ನದು: ಇಷ್ಟು ಹಿಂಡಿಸಿಕೊಂಡ ಹಿತ್ತಾಳೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಬಿಗಿದುಕೊಂಡಿರುತ್ತದೆ, ಕೊನೆಗೊಮ್ಮೆ ಸಣ್ಣ ಕಾವಿನಲ್ಲಿ ಇಟ್ಟು ಆ ಬಿಗುವು ಬಿಡಿಸಬೇಕು. ಅದನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡೆ. ನಡುವೆ ಖಂಡೇನವಮಿ ಬಂತು.

ಖಂಡೇನವಮಿ ಎಂದರೆ ಮೈಸೂರು ಕಡೆಯವರ ಆಯುಧಪೂಜೆ. ಯಾವ ಸಾಮಾನಿನಿಂದ ಅನ್ನ ತಿನ್ನುತ್ತೇವೋ ಅದನ್ನು ಅಂದು ಕೆಲಸಕ್ಕೆ ಹಚ್ಚುವುದಿಲ್ಲ, ದೇವರ ಮುಂದಿಟ್ಟು ಪೂಜೆ ಮಾಡುತ್ತೇವೆ. ಗಂಡನ ಲ್ಯಾಪ್‌ಟಾಪು, ಮಗಳ ವಯೊಲಿನ್ನು, ಮನೆಯ ಚಾಕು ಕತ್ತರಿ ಎಲ್ಲ ಸಾಲಾಗಿ ಕೂರುತ್ತವೆ. ಬಂದೂಕು ಮನೆಗೆ ತರುವುದಿಲ್ಲ ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟು. ಆದರೆ ಡೈಗಳನ್ನು ಪ್ರತಿ ವರ್ಷವೂ ತರುತ್ತೇನೆ, ಈ ಸಲ ಕೇಸುಗಳನ್ನೂ ಪ್ಲಾಸ್ಟಿಕ್ ಡಬ್ಬದಲ್ಲಿ ತಂದು ಹಿಂದಿನ ದಿನವೇ ದೇವರ ಕೋಣೆಯಲ್ಲಿಟ್ಟೆ. ಸಂಜೆಗೆ ಅಜ್ಜನನ್ನೂ ಊಟಕ್ಕೆ ಕರೆದಿದ್ದೆ.

ಇಲ್ಲಿ ಹಬ್ಬಕ್ಕೆ ರಜೆಯಿಲ್ಲ, ನಾನು ಕೆಲಸದಿಂದ ಬರುವಷ್ಟರಲ್ಲಿ ಮನೆ ಲೋಬಾನದ ಹೊಗೆಯಲ್ಲಿ ತೇಲುತ್ತಿತ್ತು. ದೀಪ ಹಚ್ಚುವ ಸಮೆ, ಗಂಟೆ, ಆರತಿತಟ್ಟೆ ಎಲ್ಲ ಥಳಥಳ. ಅವುಗಳ ನಡುವೆ ಚೆಂಡುಹೂವಿನ ಮಾಲೆಯೊಳಗೆ ಕೇಸುಗಳು ನಿಂತಿದ್ದವು. ಜ್ವಾಲೆಯ ಕಂದು ಕಲೆ, ಜಿಡ್ಡು, ಕಪ್ಪು ಯಾವುದೂ ಇಲ್ಲ. ಆಗ ತಾನೇ ಎರಕದಿಂದ ಬಂದಂತೆ ಹೊಳೆಯುತ್ತಿದ್ದವು.

"ನೋಡವಾ, ಹೆಂಗದಾವು?" ಎಂದರು ಅತ್ತೆ. "ಹಿತ್ತಾಳಿ ಅಂದ್ರ ಲಕ್ಷ್ಮಿ. ಅಷ್ಟ ಕರ್ರಗ ಇಟ್ಟ ಹೆಂಗ ಪೂಜಿ ಮಾಡೂದು?"

"ಅಜ್ಜೀ, ಸೋ ಶೈನಿ!" ಎಂದಳು ಮಗಳು.

ಅಜ್ಜ ಬಂದರು. ಶೂ ಬಿಚ್ಚಿ, ತಮ್ಮ ಮಗಳ ತೋಳು ಹಿಡಿದು ಒಳಗೆ ಹೆಜ್ಜೆಯಿಟ್ಟವರು ಹಾಲಿನ ನಡುವೆಯೇ ನಿಂತುಬಿಟ್ಟರು. ತೋಳು ಬಿಟ್ಟು ಕೈ ಎತ್ತಿ ಬೆರಳು ತೋರಿಸಿದರು. "ಅಲ್ಲಿ. ಅವೇ ಅಲ್ಲವಾ? ನನಗೆ ಕಾಣ್ತಿವೆ," ಎಂದರು. ದೀಪದ ಬೆಳಕು ಒಂದೊಂದು ಕುತ್ತಿಗೆಯ ಮೇಲೂ ಮಿನುಗುತ್ತಿತ್ತು. "ಇಲ್ಲಿಂದಲೇ ಕಾಣ್ತಿವೆ."

ಅವರ ಇಂಗ್ಲಿಷು ಅತ್ತೆಗೆ ತಿಳಿಯದಿದ್ದರೂ ಬೆರಳು ತಿಳಿಯಿತು. ಅಂದು ಅಜ್ಜನ ಎಲೆಗೆ ಎಷ್ಟು ಹೋಳಿಗೆ ಬಿತ್ತೋ, ಎಷ್ಟು ತುಪ್ಪ ಬಿತ್ತೋ.

ಶನಿವಾರ ಶಾಪಿನಲ್ಲಿ ಒಲೆ ಸಣ್ಣ ಕಾವಿಗೆ ಬರುವವರೆಗೆ ಎಂದು ಡಬ್ಬ ತೆಗೆದು ಒಂದು ಕೇಸು ಕೈಗೆತ್ತಿಕೊಂಡೆ. ಕುತ್ತಿಗೆಯ ಮೇಲೆ ಕೂದಲು ಅಂಟಿದಂತಿತ್ತು. ಉಗುರಿನಿಂದ ತೆಗೆಯಲು ಹೋದೆ, ಬರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಅದು ಬಿರುಕು. ಬಾಯಿಯಿಂದ ಹೊರಟು ಭುಜ ದಾಟಿ ಮೈಗೆ ಇಳಿದಿತ್ತು. ಇನ್ನೊಂದು ತೆಗೆದೆ, ಅದರಲ್ಲೂ ಇತ್ತು. ಮತ್ತೊಂದು ನನ್ನ ಕೈಯಲ್ಲಿರುವಾಗಲೇ ಬಾಯಿ ತೆರೆದುಕೊಂಡಿತು. ಒಂದು ಗುಂಡೂ ಹಾರಿಸದೆ, ಒಂದು ಏಟೂ ಬೀಳದೆ, ಡಬ್ಬದಲ್ಲಿ ಸುಮ್ಮನೆ ಕೂತಲ್ಲೇ ಸೀಳಿದ್ದವು. ಡಬ್ಬದ ತಳದಲ್ಲಿ ಒಂದು ಒದ್ದೆ ಬಟ್ಟೆ ಮಡಚಿಟ್ಟಿತ್ತು. ಮೂಗಿನ ಹತ್ತಿರ ತಂದ ಕೂಡಲೇ ಕಣ್ಣಲ್ಲಿ ನೀರು ಬಂತು. ಅಮೋನಿಯ.

ಕಾಲೇಜಿನಲ್ಲಿ ಮೆಟಲರ್ಜಿ ಕಲಿಸಿದ ಮೇಷ್ಟ್ರು ಇದನ್ನೇ ಪಾಠ ಮಾಡಿದ್ದರು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಮಳೆಗಾಲದಲ್ಲಿ, ಕುದುರೆ ಲಾಯದ ಬಳಿ ಇಟ್ಟ ತೋಟಾಗಳು ಹಾರಿಸುವ ಮೊದಲೇ ಸೀಳುತ್ತಿದ್ದವಂತೆ. ಲಾಯದ ಗಂಜಲದಿಂದ ಏಳುವ ಅಮೋನಿಯ, ಬಿಗುವು ಬಿಡಿಸದ ಹಿತ್ತಾಳೆ, ತೇವ, ಈ ಮೂರು ಸೇರಿದರೆ ಸಾಕು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅದೇ ಪಾಠವನ್ನು ಮುಚ್ಚಳ ಹಾಕಿದ ಡಬ್ಬದಲ್ಲಿ ನಾನೇ ಹೇವರ್ಡ್‌ಗೆ ಹೊತ್ತು ತಂದಿದ್ದೆ.

ಮನೆಗೆ ಬಂದು, ಧ್ವನಿ ಆದಷ್ಟು ತಗ್ಗಿಸಿ ಕೇಳಿದೆ, "ಅತ್ತಿ, ಆ ಕೇಸ ಹುಣಸಿಹಣ್ಣಿನಾಗ ತಿಕ್ಕಿದ್ರೇನು?"

"ಇಲ್ಲವಾ. ಕೈಬೆಳ್ಳ ಭಾಳ ನೋಯಾಕತ್ತಿದ್ವು. ಸಣ್ಣ ಸಾಮಾನು, ಹುಣಸಿಹಣ್ಣಿಲೆ ತಿಕ್ಕಾಕ ಆಗಲಿಲ್ಲ. ಇಂವಾ ಸಮೆಕ್ಕಂತ ಬಾಟಲಿ ತಂದಿದ್ನಲ್ಲ, ಅದನ್ನ ಹಚ್ಚಿದೆ." ಇಂವಾ ಎಂದರೆ ಅವರ ಮಗ, ನನ್ನ ಗಂಡ. "ಭಾಳ ಛಲೋ ಐತವಾ ಅದು. ಪೂಜಿ ಆದಮ್ಯಾಲೆ ತಿಕ್ಕಿದ ಅದ ಅರಬಿನ ಡಬ್ಬಿ ತಳಕ್ಕ ಹಾಸಿದೆ. ಕಾರಿನಾಗ ಖಡಬಡ ಅಂದು ಗೀರು ಬೀಳಬಾರದಂತ."

ಅಡುಗೆಮನೆ ಸಿಂಕಿನ ಕೆಳಗಿನಿಂದ ಬಾಟಲಿ ತೆಗೆದು ನೋಡಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಅಮೋನಿಯ ಎಂದು ಬರೆದೇ ಇತ್ತು.

"ಏನರ ತಪ್ಪಾತೇನವಾ?"

"ಇಲ್ಲತ್ತಿ. ಸುಮ್ಮನ ಕೇಳಿದೆ."

ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅತ್ತೆ ಊಟಕ್ಕೆ ಬಡಿಸಿ, ತಾವು ಉಣ್ಣದೆ ಹೋಗಿ ಮಲಗಿದರು.

ಮುಂದಿನ ಸಲ ಅಜ್ಜ ಶಾಪಿಗೆ ಬಂದಾಗ ನಡೆದದ್ದನ್ನು ಇದ್ದಂತೆ ಹೇಳಿದೆ. ವಿಜ್ಞಾನದ ಮೇಷ್ಟ್ರಲ್ಲವೇ, ನಾನು ಮುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು.

"ಎಲ್ಲವೂ ಸೀಳಿಲ್ಲವಲ್ಲ," ಎಂದರು.

ನಿಜ. ಭೂತಗನ್ನಡಿಯಲ್ಲಿ ಗೀರು ಕಾಣದ ಕೆಲವು ಇದ್ದವು. ಅವನ್ನು ಬೇರೆ ತೆಗೆದಿಟ್ಟಿದ್ದೆ, ಯಾಕೆ ತೆಗೆದಿಟ್ಟಿದ್ದೆನೋ.

"ಅವನ್ನು ಕೊಡು. ಹೊಸದು ಮಾಡೋವರೆಗೆ ನನಗೆ ಕಣ್ಣಿರಲ್ಲ. ನಿನಗೂ ಗೊತ್ತು."

ಉತ್ತರ ಕೊಡುವ ಬದಲು ಅವುಗಳಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದನ್ನು ಬೆಂಚಿನ ಇಕ್ಕಳದಂಥ ವೈಸಿಗೆ ಕಚ್ಚಿಸಿ ಗರಗಸದಿಂದ ಉದ್ದಕ್ಕೆ ಸೀಳಿದೆ. ಹೊರಗೆ ಏನೂ ಇರಲಿಲ್ಲ. ಒಳಮೈಯಲ್ಲಿ ಭುಜದ ತಿರುವಿನ ಸುತ್ತ ಸಣ್ಣ ಕಪ್ಪು ಗೆರೆಗಳು ಹರಿದಿದ್ದವು. ಹಾರಿಸಿದರೆ ಬಿಸಿ ಗಾಳಿ ಅಲ್ಲಿಂದ ನುಗ್ಗಿ, ಬೋಲ್ಟಿನ ಸಂದಿಯಿಂದ ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಅಜ್ಜನ ಮುಖ.

"ಅದು ನನ್ನ ಕಣ್ಣು," ಎಂದರು ಅಜ್ಜ. ಅಷ್ಟು ದಿನದಲ್ಲಿ ಮೊದಲ ಸಲ ಅವರ ದನಿ ಏರಿತ್ತು. "ಹೇಗೂ ಹೋಗೋ ಕಣ್ಣು. ಅದನ್ನ ಯಾವುದಕ್ಕೆ ಒಡ್ಡಬೇಕು ಅಂತ ನಿರ್ಧಾರ ಮಾಡೋನು ನಾನು. ನೀನಲ್ಲ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ಇವತ್ತಿಗೂ ಅದನ್ನು ಅಲ್ಲಗಳೆಯಲಾರೆ. ಕೊಟ್ಟಿದ್ದರೆ ಏನೂ ಆಗದೆಯೂ ಇರಬಹುದಿತ್ತು. ಆದರೆ ನಾನು ಮಾಡಿದ ವಸ್ತುವನ್ನು, ಒಡಕು ಎಂದು ಗೊತ್ತಿದ್ದೂ ಕೈಯೆತ್ತಿ ಕೊಡುವುದು ನನ್ನಿಂದ ಸಾಧ್ಯವಿರಲಿಲ್ಲ. ಉಳಿದವನ್ನು ಒಂದೊಂದಾಗಿ ವೈಸಿನಲ್ಲಿಟ್ಟು ಹಿಡಿ ತಿರುಗಿಸಿ ಚಪ್ಪಟೆ ಮಾಡಿದೆ. ಹಿತ್ತಾಳೆ ಕಿರ್ ಎನ್ನುತ್ತಿತ್ತು. ಅಜ್ಜ ನಿಂತು ಕೇಳಿಸಿಕೊಂಡರು. ಕೊನೆಯದು ಮುಗಿದ ಮೇಲೆ ಗೋಡೆ ತಡವಿಕೊಂಡು ಬಾಗಿಲ ಕಡೆ ನಡೆದರು. ಗಡಿಯಾರದ ಕಡೆ ಮುಖ ಕೂಡ ಎತ್ತಲಿಲ್ಲ.

ಮತ್ತೆ ಮಾಡಿದೆ. ನಮಗೆ ಬೇಕಾದ ದೊಡ್ಡ ಕೇಸು ಎಲ್ಲೂ ಸ್ಟಾಕಿರಲಿಲ್ಲ, ಕಾದೆ. ಬಂದ ಮೇಲೆ ಮೊದಲ ಒತ್ತು, ಕಾಯಿಸುವುದು, ಎರಡನೆಯ ಒತ್ತು, ಕಾಯಿಸುವುದು, ಮೂರನೆಯ ಒತ್ತು, ಕೆರೆಯುವುದು, ಕತ್ತರಿಸುವುದು. ಈ ಸಲ ನೀರಿನ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಒತ್ತಿದ ದಿನವೇ ಸಣ್ಣ ಕಾವು ಕೊಟ್ಟೆ. ಅದೇ ಕಂತಿನ ಒಂದನ್ನು ಬೇಕೆಂದೇ ಅಮೋನಿಯದ ಡಬ್ಬದಲ್ಲಿ ಇಟ್ಟು ನೋಡಿದೆ, ಬಿರುಕು ಬಿಡಲಿಲ್ಲ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಬಂದಿಲ್ಲ. ಅಷ್ಟರಲ್ಲಿ ಮಳೆ ಶುರುವಾಗಿ ಗುಡ್ಡಗಳು ಹಸಿರಾಗಿದ್ದವು, ಅಜ್ಜ ಶಾಪಿಗೆ ಬರುವುದು ಎಂದೋ ನಿಂತಿತ್ತು. ಫೋನು ಮಾಡಿದರೆ ಅವರ ಮಗಳು ಎತ್ತಿದಳು. "ಅಪ್ಪ ಈಗ ಹೊರಗೆ ಹೋಗೋದು ಕಡಿಮೆ. ರೈಫಲ್ಲನ್ನ ಸಂಬಂಧಿಕರಿಗೆ ಒಪ್ಪಿಸಿಬಿಟ್ಟರು," ಎಂದಳು. ಕೊನೆಗೆ, "ಆದರೆ ನಿಮ್ಮ ಮನೆಗಾದರೆ ಬರ್ತಾರೆ. ಹೋಳಿಗೆ ಬಡಿಸಿದ ಆ ಅಮ್ಮನ್ನ ನೋಡಬೇಕು ಅಂತಿದ್ದರು," ಎಂದಳು.

ಮನೆಯಲ್ಲಿ ಖಂಡೇನವಮಿಯ ನಂತರ ಅತ್ತೆ ಒಂದು ಹಿತ್ತಾಳೆ ಸಾಮಾನನ್ನೂ ತಿಕ್ಕಿರಲಿಲ್ಲ. ಸಮೆ ಕಪ್ಪಾಗಿತ್ತು, ಗಂಟೆಗೆ ಹಸಿರು ಕಿಲುಬು ಬಂದಿತ್ತು. ಬಾಟಲಿಯನ್ನು ಅವರೇ ಕಸಕ್ಕೆ ಹಾಕಿದ್ದರು. ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ.

ಅಜ್ಜ ಬಂದದ್ದು ಮಧ್ಯಾಹ್ನ, ಕಿಟಕಿ ತುಂಬ ಬಿಸಿಲಿತ್ತು. ಅವರ ಮಗಳು ಸೋಫಾದಲ್ಲಿ ಕೂರಿಸಿದಳು. ನಾನು ಮುಂದಿನ ಟೀಪಾಯಿಯ ಮೇಲೆ ಮರದ ಡಬ್ಬ ಇಟ್ಟು ಮುಚ್ಚಳ ತೆಗೆದೆ. ಕಂದು ಕುತ್ತಿಗೆಯ ಕೇಸುಗಳು ಸಾಲಾಗಿದ್ದವು, ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ. "ಮುಗಿದಿವೆ ಅಜ್ಜ," ಎಂದೆ. "ಈ ಸಲ ಒಂದರಲ್ಲೂ ಒಡಕಿಲ್ಲ."

"ಒಳ್ಳೆಯದು," ಎಂದರು. ಮುಖ ಆ ಕಡೆ ಈ ಕಡೆ ತಿರುಗಿತು. "ಎಲ್ಲಿವೆ?"

ಅತ್ತೆ ಎದ್ದು ಬಂದು, ಒಂದು ಕೇಸು ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅಜ್ಜ ಹೆಬ್ಬೆರಳಿನಿಂದ ತಳ, ಮೈ, ಭುಜ, ಕುತ್ತಿಗೆ ಸವರಿದರು. "ಸರಿಯಾಗಿದೆ," ಎಂದರು. ಆಮೇಲೆ, ಯಾರಿಗೂ ಅಲ್ಲ ಎನ್ನುವಂತೆ, "ಅವತ್ತು ಆ ದೀಪದ ಹತ್ತಿರ ಇದ್ದವಲ್ಲ, ಅವು ಕಂಡಿದ್ದವು. ಅಷ್ಟು ಚೆನ್ನಾಗಿ ಆಮೇಲೆ ನಾನು ಏನನ್ನೂ ನೋಡಿಲ್ಲ," ಎಂದರು.

"ಏನಂದ್ರವಾ?" ಎಂದರು ಅತ್ತೆ.

ಈ ಸಲ ಮುಚ್ಚಿಡಲಿಲ್ಲ. "ಅವತ್ತ ನೀವು ತಿಕ್ಕಿದ್ವು ಕಂಡಿದ್ವಂತ ಅತ್ತಿ. ಇವು ಕಾಣವಲ್ಲವಂತ."

ಅತ್ತೆ ಅವರ ಕೈಯಿಂದ ಕೇಸು ತೆಗೆದುಕೊಂಡು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು ಬಂತು, ಹುಣಸೆಹಣ್ಣು ಕಿವುಚಿದ ವಾಸನೆ ಬಂತು. ಆ ನೋಯುವ ಬೆರಳಲ್ಲಿ ತುಂಬ ಹೊತ್ತು ತಿಕ್ಕಿದರು. ನಾನು ತಡೆಯಲಿಲ್ಲ. ಸೆರಗಿನಲ್ಲಿ ಒರೆಸುತ್ತ ತಂದಾಗ ಅದು ಖಂಡೇನವಮಿಯ ದಿನದ ಹಾಗೇ ಥಳಥಳ ಎನ್ನುತ್ತಿತ್ತು. ಮತ್ತೆ ಅವರ ಅಂಗೈಯಲ್ಲಿಟ್ಟು, ಎದುರಿಗೇ ನೆಲದ ಮೇಲೆ ಕೂತು ಅವರ ಮುಖ ನೋಡುತ್ತ ಕಾದರು.

ಅಜ್ಜ ಮುಷ್ಟಿ ಬಿಗಿ ಹಿಡಿದು ಎದೆಗೆ ಒತ್ತಿಕೊಂಡರು.

"ತುಂಬ ಹೊಳೀತಾ ಇದೆ ಅಂತ ಅವರಿಗೆ ಹೇಳು," ಎಂದರು.

ಅವರು ಮುಷ್ಟಿ ಬಿಚ್ಚಿಯೇ ಇರಲಿಲ್ಲ. ನಾನು ಅತ್ತೆಗೆ ಹಾಗೇ ಹೇಳಿದೆ.